ಎಂಜಿನ್ ಮುಚ್ಚಿದ ದಿನ

ಏಳು ವರ್ಷದಿಂದ ಈ ಗ್ಯಾರೇಜಿನಲ್ಲಿ ಸೀಮೆಎಣ್ಣೆ ತೊಟ್ಟಿಗೆ ಕೈ ಹಾಕಿ ಬಿಡಿಭಾಗ ತೊಳೆಯುವ ಹೆಂಗಸು ನಾನು. ಬೆರಳ ಸಂದಿಯೆಲ್ಲ ಒಡೆದಿದೆ. ಉಪ್ಪು ತಾಕಿದರೆ ಜೀವ ಹೋಗುತ್ತದೆ. ಮಿಸ್ತ್ರಿಗಳು ಎಂಜಿನ್ ಕಟ್ಟುವುದನ್ನು ಓರೆಗಣ್ಣಲ್ಲಿ ನೋಡಿ ನೋಡಿಯೇ ಕೆಲಸ ಕಲಿತೆ.

ಆ ದಿನ ಇಬ್ಬರು ಮಿಸ್ತ್ರಿಗಳೂ ಕೈಕೊಟ್ಟಿದ್ದರು. ಓನರ್ ನನ್ನನ್ನು ಕರೆದ.

"ಈ ಟ್ಯಾಕ್ಸಿ ಎಂಜಿನ್ ನೀನೇ ಕಟ್ಟು. ಓಡಿದ್ರೆ ನಾಳೆಯಿಂದ ನೀನೂ ಮಿಸ್ತ್ರಿ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಂಜಿನ್ ಕೇಸೆಂದರೆ ಎರಡು ಹೋಳಿನ ಪೆಟ್ಟಿಗೆ. ಬೇರಿಂಗ್ ಕೂರಿಸಿ, ಅದರಲ್ಲಿ ತಿರುಗುವ ಕ್ರ್ಯಾಂಕ್ ದಂಡ ಮಲಗಿಸಿ, ಅಂಚಿಗೆ ಪೇಸ್ಟ್ ಬಳಿದು, ಇನ್ನೊಂದು ಹೋಳು ಮುಚ್ಚಿ ಬೋಲ್ಟ್ ಬಿಗಿಯಬೇಕು. ಆಮೇಲೆ ಒಳಗೇನಿದೆಯೋ ದೇವರಿಗೇ ಗೊತ್ತು.

ಹೊಸ ಬೇರಿಂಗಿನ ಡಬ್ಬಿ ಬಿಚ್ಚಿ ಒಳಗಿದ್ದುದರ ಮೇಲೆ ಉಗುರು ಆಡಿಸಿದೆ. ಗೀರು ಸಿಕ್ಕಿತು. ಇದೇ ಎಂಜಿನ್ನಿನ ಹಳೇ ಬೇರಿಂಗ್! ನಿನ್ನೆ ನಾನೇ ತೊಳೆದಿಟ್ಟದ್ದು.

"ಸಾರ್, ಹೊಸವು ಎಲ್ಲಿ?"

"ರಿಪೇರಿಗೆ ಬಂದಿರೋ ಡಾಕ್ಟ್ರ ಕಾರೂ ಇದೇ ಮಾಡೆಲ್ಲು. ಅವ್ರಿಗೆ ಕೊಟ್ಬಿಟ್ಟೆ. ಅವ್ರು ಕಾಯೋ ಜನ ಅಲ್ಲ. ಬಾಯಿ ಮುಚ್ಕೊಂಡು ಕಟ್ಟು. ಇಲ್ಲಾಂದ್ರೆ ನಿನ್ನ ತೊಟ್ಟಿ ಇದ್ದೇ ಇದೆ."

ಟ್ಯಾಕ್ಸಿ ಡ್ರೈವರ್ ಬಾಗಿಲಲ್ಲೇ ಕೂತಿದ್ದ. ಹತ್ತು ದಿನದಿಂದ ಬೆಳಿಗ್ಗೆ ಬಂದು ಸಂಜೆವರೆಗೂ ಹಾಗೇ ಕಾಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ.

ಅವನ ಮುಖ ಕಪ್ಪಿಟ್ಟಿತು. "ಎಷ್ಟು ದಿನ ಓಡುತ್ತೆ ಅಕ್ಕ?"

"ಹೇಳಕ್ಕಾಗಲ್ಲಪ್ಪ. ವಾರಾನೋ, ತಿಂಗಳೋ. ಏರಲ್ಲಿ ಎಂಜಿನ್ ಹಿಡ್ಕೊಂಡ್ರೆ ಅಲ್ಲೇ ನಿಂತ್ಬಿಡುತ್ತೆ. ಬಾ, ಇಬ್ರೂ ಹೋಗಿ ಕೇಳೋಣ."

"ಕೇಳಿದ್ರೆ ಗಾಡಿ ಇನ್ನೊಂದು ತಿಂಗ್ಳು ಇಲ್ಲೇ ಬಿದ್ದಿರುತ್ತೆ. ನಾಳೆ ಆರಕ್ಕೆ ಕಂಪನಿ ಗೇಟಲ್ಲಿ ನಿಲ್ಲದಿದ್ರೆ ನನ್ನ ರೂಟು ಇನ್ನೊಬ್ಬನ ಪಾಲು. ಮುಚ್ಚಿಬಿಡಕ್ಕ."

ಮೇಲಿನ ಹೋಳು ಇಳಿಸುವಾಗ ಕ್ರ್ಯಾಂಕಿಗೆ ಕೂಡಿಸಿದ ರಾಡುಗಳನ್ನು ನೆಟ್ಟಗೆ ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ಬೇರೆ ಯಾರಿದ್ದರು? ಅವನೇ ಅಂಗಿಯ ತೋಳು ಮಡಚಿಕೊಂಡು ಬಂದ. ಪೇಸ್ಟ್ ಒಣಗುವ ಮೊದಲು ಮುಚ್ಚಬೇಕಿತ್ತು. ಮುಚ್ಚಿದೆವು. ನಡುವಿನಿಂದ ಶುರುಮಾಡಿ ಒಂದೊಂದೇ ಬೋಲ್ಟ್ ಬಿಗಿದೆ. ನನ್ನ ಕಣ್ಣಲ್ಲಿ ನೀರು.

"ಅಳಬೇಡಕ್ಕ," ಅಂದ ಅವನು, ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸುತ್ತ. "ನಿಧಾನಕ್ಕೆ ಓಡಿಸ್ತೀನಿ. ಕೆಟ್ರೂ ನಿನ್ನ ಹೆಸ್ರು ಹೇಳಲ್ಲ."

ಮೋಸಹೋದವನೇ ನನಗೆ ಸಮಾಧಾನ ಹೇಳುತ್ತಿದ್ದ. ಓನರ್ ಒಳಗೆ ಡಾಕ್ಟರ ಜೊತೆ ಫೋನಿನಲ್ಲಿ ನಗುತ್ತಿದ್ದ.