ಎಡಕ್ಕೆ ಕೂತ ಗಂಟು

ಕೈಯಲ್ಲಿ ಕಾಜ ಹೊಲಿಯುವ ಅಂಗಡಿ ನಮ್ಮ ಬೀದಿಯಲ್ಲಿ ಈಗ ಉಳಿದಿರುವುದು ನಮ್ಮದೊಂದೇ. ಗುಂಡಿ ತೂರುವ ಆ ಪುಟ್ಟ ಸೀಳಿನ ಸುತ್ತ ದಾರ ಕಟ್ಟುತ್ತ ನಲವತ್ತೊಂದು ವರ್ಷ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಹೋದ ವರ್ಷದಿಂದ ಕಣ್ಣು ಮಂಜು.

"ಅತ್ತೆ, ಇನ್ನು ಕಾಜ ನಂಗೆ ಬಿಡಿ," ಅಂದಳು ಸೊಸೆ.

"ಬಿಟ್ಟು ನಾನೇನು ನೊಣ ಹೊಡೀಲಾ?"

ಮಾತು ಒರಟಾಗಿ ಬಂತು. ಒಳಗೆ ಇದ್ದದ್ದು ಭಯ. ಸೂಜಿ ಕೆಳಗಿಟ್ಟರೆ ಈ ಅಂಗಡಿಗೂ ನನಗೂ ಏನು ಸಂಬಂಧ? ಮುರುಕು ಕೊಡೆಯ ಹಾಗೆ ಮೂಲೆ ಸೇರಬೇಕು. ಅದಕ್ಕೇ ಪಂತ ಕಟ್ಟಿದೆ. ಇಬ್ಬರೂ ಕಾಜ ಹಾಕಿದ ಅಂಗಿಗಳನ್ನು ಬೆರೆಸಿಡಿ, ನನ್ನ ಕಾಜ ನಾನು ಆರಿಸಿದರೆ ಕುರ್ಚಿ ನನಗೇ.

ಇಸ್ತ್ರಿಯವನು ಹತ್ತು ಅಂಗಿ ತಂದ. ಸೊಸೆಯವಕ್ಕೆ ಕಾಲರಿನ ಒಳಗೆ ಸೀಮೆಸುಣ್ಣದ ಗುರುತು ಹಾಕಿದ್ದ. ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆ. ನನ್ನ ಕಾಜದ ಕೊನೆಯ ಗಂಟು ಒಂದೆಳೆ ಎಡಕ್ಕೆ ಕೂರುತ್ತದೆ. ಒಂದೊಂದಾಗಿ ತೆಗೆದಿಟ್ಟೆ. ಹತ್ತೂ ನನ್ನ ಕಡೆಗೇ ಬಂದವು.

"ಅಜ್ಜಿ, ಸೊಸೆಗೆ ಒಂದಾದ್ರೂ ಬಿಡಿ," ಅಂದ ಇಸ್ತ್ರಿಯವನು.

"ಅವಳ್ದು ಇದರಲ್ಲಿಲ್ಲ. ಬರೀ ನಂದೇ ತಂದಿದೀಯ."

ಅವನು ಕಾಲರು ತಿರುವಿ ತೋರಿಸಿದ. ಐದು ಸೊಸೆಯವು.

"ನೀನ್ಯಾಕೆ ಎಡಕ್ಕೆ ಹಾಕ್ತೀಯೆ?" ಎಂದು ಅವಳನ್ನೇ ಗದರಿದೆ.

"ನೀವು ಹಂಗೇ ಹಾಕ್ತಿದ್ರಲ್ಲ ಅತ್ತೆ. ಹಂಗೇ ಇರಬೇಕು ಅಂದ್ಕೊಂಡೆ."

ನಾನೂ ಹಾಗೇ ಅಂದುಕೊಂಡಿದ್ದೆ. ನನಗೆ ಕಲಿಸಿದ ಚಿಕ್ಕಮ್ಮ ಎಡಗೈಯವಳು, ಅವಳ ಗಂಟು ಎಡಕ್ಕೇ ಬೀಳುತ್ತಿತ್ತು. ಬಲಗೈಯವಳಾದ ನಾನು ಅದನ್ನೂ ವಿದ್ಯೆಯೆಂದೇ ಕಲಿತೆ. ನನ್ನದು ಎಂದು ಇಷ್ಟು ವರ್ಷ ಮೆರೆದದ್ದು ಅವಳದ್ದು. ಅವಳಿಗೆ ಕಲಿಸಿದ ಕೈಯನ್ನು ನಾನು ಕಂಡೇ ಇಲ್ಲ. ಎಷ್ಟು ತಡಕಿದರೂ ಆ ದಾರದಲ್ಲಿ ನಾನು ಅನ್ನುವವಳು ಬೇರೆಯಾಗಿ ಸಿಗಲಿಲ್ಲ. ಬೇಸರ ಆಗಬೇಕಿತ್ತು, ಎದೆ ಹಗುರಾಯಿತು. ಬೇರೆ ಇಲ್ಲದವಳನ್ನು ಮೂಲೆಗೆ ತಳ್ಳುವವರು ಯಾರು?

"ಬಾ, ಕೂತ್ಕೊ," ಎಂದು ಕುರ್ಚಿ ಬಿಟ್ಟೆ.

"ಸಿಟ್ಟಾ ಅತ್ತೆ?"

"ಸಿಟ್ಟಲ್ಲ ಕಣೆ. ಜಂಬ."

ಈಗ ಬಟ್ಟೆ ಜರುಗದಿರಲೆಂದು ಮೊದಲು ಹಾಕಿದ ಕಚ್ಚಾ ಹೊಲಿಗೆ ಬಿಚ್ಚುತ್ತೇನೆ, ಅದಕ್ಕೆ ಬೆರಳು ಸಾಕು. ನಮ್ಮ ಅಂಗಿ ತೊಟ್ಟವರು ಬೀದಿಯಲ್ಲಿ ಎದುರಾದರೆ ನಿಂತು ಅವರ ಎದೆಯ ಗುಂಡಿಗಳನ್ನೇ ನೋಡುತ್ತೇನೆ. ಕೆಲವರು ಮುಜುಗರಪಟ್ಟು ದಾಟಿ ಹೋಗುತ್ತಾರೆ. ಕಾಜ ಯಾರ ಕೈಯದೋ ಗೊತ್ತಾಗುವುದಿಲ್ಲ. ನನ್ನ ಬೆನ್ನು ಮಾತ್ರ ತಾನಾಗಿ ನೆಟ್ಟಗಾಗುತ್ತದೆ.