ಬಾಯಿಬಿಡದ ಪ್ಯಾನೆಲ್

೧

ಎಲ್ಲಿಂದ ಶುರುಮಾಡಲಿ? ಕಂಪ್ಯೂಟರ್ ಪರದೆಯ ಮೇಲೆ ಖಾಲಿ ನಿಂತ ಒಂದು ಬೂದು ಪೆಟ್ಟಿಗೆಯಿಂದ ಶುರುಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ಅವಳ ಮಣಿಕಟ್ಟಿನ ನೋವಿನಿಂದ ಶುರುಮಾಡೋಣವೆಂದರೆ ಅವಳೇ ಒಪ್ಪುತ್ತಿಲ್ಲ.

"ಮೊದಲನೇ ಸಾಲಿಗೇ ನನ್ನ ಕೈ ಎಳ್ಕೊಂಡು ಬರ್ಬೇಡಿ," ಅನ್ನುತ್ತಾಳೆ. "ಓದೋರು ಅಯ್ಯೋ ಪಾಪ ಅಂತಾರೆ. ಆಮೇಲೆ ನಾನು ಏನ್ ಮಾಡಿದ್ರೂ ಅವರಿಗೆ ಕಾಣಿಸಲ್ಲ."

ಸರಿ, ಕೆಲಸದಿಂದಲೇ ಶುರುಮಾಡುತ್ತೇನೆ.

ಅವಳು ಕಾಂಪೋಸಿಟರ್. ಎಲ್ಲೆಲ್ಲೋ ಚಿತ್ರಿಸಿದ ತುಣುಕುಗಳನ್ನು ಒಂದರ ಮೇಲೊಂದು ಕೂರಿಸಿ, ಎಲ್ಲವೂ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ನಡೆದಂತೆ ನಂಬಿಸುವವಳು. ಸಿನಿಮಾದಲ್ಲಿ ನಟಿ ಹಾರುವಾಗ ಅವಳ ಬೆನ್ನಿಗೆ ಕಟ್ಟಿದ ತಂತಿ ನಿಮಗೆ ಕಂಡಿಲ್ಲವೆಂದರೆ, ಇಂಥ ಯಾರೋ ಕೂತು ಅದನ್ನು ಒಂದೊಂದೇ ಫ್ರೇಮಿನಿಂದ ಅಳಿಸಿದ್ದಾರೆ ಎಂದರ್ಥ. (ಕಥೆಗಾರನಿಗೆ ಆ ಸೌಲಭ್ಯವಿಲ್ಲ. ಅವನ ಕಸರತ್ತೆಲ್ಲ ಹೀಗೆ ಕಾಣುತ್ತಲೇ ಇರುತ್ತದೆ.)

೨

ಆ ಬೆಳಿಗ್ಗೆ ಸ್ಟುಡಿಯೋದ ಕಂಪ್ಯೂಟರುಗಳಿಗೆಲ್ಲ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದರು. ಗೋಡೆಗಳಿಗೆ ಬೂದು ಬಣ್ಣ, ಕಿಟಕಿಗೆ ಕಪ್ಪು ಪರದೆ. ಹೊರಗಿನ ಬೆಳಕು ಬಂದು ಬಣ್ಣಗಳ ಬಗ್ಗೆ ಸುಳ್ಳು ಹೇಳಬಾರದೆಂದು ಆ ಕೋಣೆಯನ್ನು ಹಾಗೆ ಇಟ್ಟಿದ್ದರು. ಅವಳು ಎಂದಿನಂತೆ ಕೂತು ತನ್ನ ಪ್ಯಾನೆಲ್ ತೆರೆದಳು. ಪೆಟ್ಟಿಗೆ ಬಂತು, ಒಳಗೆ ಒಂದು ಬಟನ್ನೂ ಇಲ್ಲ. ಮುಚ್ಚಿ ತೆರೆದಳು. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದಳು. ಅದೇ ಖಾಲಿ ಪೆಟ್ಟಿಗೆ. ಎಡವಟ್ಟಾಗಿದೆ ಎಂಬ ಒಂದು ಸಾಲೂ ಇಲ್ಲ.

ಈಗ ಕೈಯ ವಿಷಯ ಹೇಳದೆ ಗತಿಯಿಲ್ಲ. (ತಲೆಯಾಡಿಸಿದಳು. ಅನುಮತಿ ಸಿಕ್ಕಿತು.)

ವರ್ಷಗಟ್ಟಲೆ ಮೌಸ್ ಎಳೆದು ಅವಳ ಬಲ ಮಣಿಕಟ್ಟು ಸವೆದುಹೋಗಿತ್ತು. ಬೇರೆ ಕೆಲಸ ನೋಡಿಕೊಳ್ಳಿ ಎಂದಿದ್ದರು ಡಾಕ್ಟರು. ಆಗ ಪಕ್ಕದ ಕುರ್ಚಿಯಲ್ಲಿದ್ದವನು ಗುಂಡಿಯಣ್ಣ. ಯಾವ ಕಷ್ಟ ಹೇಳಿಕೊಂಡರೂ "ಒಂದು ಗುಂಡಿ ಮಾಡೋಣ ಬಿಡು, ಒತ್ತಿದ್ರೆ ಆಯ್ತು" ಎನ್ನುತ್ತಿದ್ದನಾದ್ದರಿಂದ ಆ ಹೆಸರು. ಅವನು ಕುರ್ಚಿ ಎಳೆದುಕೊಂಡು ಬಂದು, ಅವಳ ಕೈ ದಿನವಿಡೀ ಏನೇನು ಮಾಡುತ್ತದೆಂದು ಸುಮ್ಮನೆ ನೋಡಿದ. ಆಮೇಲೆ ಕೋಡ್ ಬರೆದು, ಆ ಎಳೆದಾಟವನ್ನೆಲ್ಲ ಎಡಗೈಯಲ್ಲೂ ಒತ್ತಬಹುದಾದ ದೊಡ್ಡ ದೊಡ್ಡ ಬಟನ್‌ಗಳಾಗಿ ಒಂದು ಪ್ಯಾನೆಲ್ಲಿಗೆ ತಂದ. ಅವಳ ಕೆಲಸ ಉಳಿಯಿತು.

ಅವನದು ಉಳಿಯಲಿಲ್ಲ. ಎರಡೂ ಕಣ್ಣಿನ ನಡುಭಾಗ ಮಬ್ಬಾಗುತ್ತ ಬಂತು. ನೇರ ನೋಡಿದ್ದು ಕಾಣದು, ಅಂಚಿನಲ್ಲಿರುವುದು ಮಾತ್ರ ಅಷ್ಟಿಷ್ಟು. ಕುರ್ಚಿ ಬಿಟ್ಟು ಮನೆಗೆ ಹೋದ.

೩

(ಈ ಭಾಗವನ್ನು ಎಸೆದಿದ್ದೇನೆ. ಇದರಲ್ಲಿ ಅವಳು ಕೋಡ್ ತೆರೆದಾಗ ಗುಂಡಿಯಣ್ಣ ಅವಳಿಗೆಂದೇ ಬರೆದಿಟ್ಟ ಎರಡು ಸಾಲು ಸಿಕ್ಕಿ ಕಣ್ಣು ತುಂಬಿಕೊಳ್ಳುತ್ತಿತ್ತು. ಓದಿ ನಕ್ಕುಬಿಟ್ಟಳು. "ಅಣ್ಣ ಕೋಡಲ್ಲಿ ಯಾವ ಸಾಲು ಯಾಕೆ ಅಂತಾನೂ ಬರೀತಿರಲಿಲ್ಲ. ನಮಗೆಲ್ಲ ಅದೇ ತಲೆನೋವು. ಅಂಥವರು ನನಗೆ ಪ್ರೀತಿಯ ಮಾತು ಬರ್ದಿಡ್ತಾರಾ?")

೪

ಮೇಲ್ವಿಚಾರಕಿ ಮೇಡಂ ಬಂದು ಹಿಂದೆ ನಿಂತರು. ಖಳನಾಯಕಿ ಮಾಡೋಣವೆಂದಿದ್ದೆ, ಅವರು ಸಹಕರಿಸಲಿಲ್ಲ.

"ನಟಿ ಹಗ್ಗದ ಮೇಲೆ ನಡೆಯೋ ಶಾಟ್ ಸಂಜೆಗೆ ಹೋಗ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯವರಿಗೆ ಕೊಡ್ತೀನಿ. ಕೈ ಹಾಳ್ಮಾಡ್ಕೊಂಡು ಮಾಡೋದು ಬೇಡ."

ಒಳ್ಳೆಯ ಮಾತೇ. ಆದರೆ ಇವತ್ತು ಬೇರೆಯವರಿಗೆ ಹೋದ ಶಾಟ್ ನಾಳೆ ತಾನಾಗಿ ಅವರ ಬಳಿಗೇ ಹೋಗುತ್ತದೆ, ನಾಳಿದ್ದು ಯಾರೂ ಅವಳನ್ನು ಕೇಳುವುದೂ ಇಲ್ಲ. ಅದು ಅವಳಿಗೆ ಗೊತ್ತಿತ್ತು. "ಮಾಡ್ತೀನಿ ಮೇಡಂ," ಎಂದಳು.

ಫೋನ್ ಕೈಗೆತ್ತಿಕೊಂಡು ಬಹಳ ಹೊತ್ತು ಕೂತಳು. ಕಣ್ಣು ಮಂಜಾದವನನ್ನು, ಬಂದು ನನ್ನ ಪರದೆ ನೋಡು ಎಂದು ಯಾವ ಬಾಯಲ್ಲಿ ಕೇಳುವುದು? ಕೊನೆಗೆ ಒತ್ತಿಯೇಬಿಟ್ಟಳು. ಅತ್ತಿಗೆ ಎತ್ತಿಕೊಂಡರು.

"ನಿಮ್ಮಣ್ಣ ರೇಡಿಯೋ ಬಿಚ್ಚಿ ಹರವಿಕೊಂಡು ಕೂತಿದಾರೆ. ಕೊಡ್ತೀನಿ ಇರು. ನೀನಾದ್ರೂ ಎಬ್ಬಿಸು."

ಅವಳು ಎಲ್ಲ ಹೇಳಿದಳು.

"ಎರರ್ ಏನಂತೆ?" ಎಂದ ಗುಂಡಿಯಣ್ಣ.

"ಏನೂ ಬರ್ತಿಲ್ಲ ಅಣ್ಣ. ಬರೀ ಖಾಲಿ ಪೆಟ್ಟಿಗೆ."

"ಬರತ್ತೆ. ನಾನೇ ಅದರ ಬಾಯಿ ಮುಚ್ಚಿಸಿದೀನಿ. ಆಗ ನೀನು ಕೆಂಪಕ್ಷರ ಕಂಡ್ರೆ ಸಾಕು, ನಾನೇ ಏನೋ ಕೆಡಿಸಿದೆ ಅಂತ ಕೈ ಹಿಂದಕ್ಕೆ ತಗೋತಿದ್ದೆ. ಅದಕ್ಕೇ, ಏನೇ ತಪ್ಪಾದ್ರೂ ಸುಮ್ನಿರು ಅಂತ ಬರ್ದಿಟ್ಟೆ. ಕೋಡ್ ತೆಗಿ. ಕೊನೇಲಿ 'ಎಕ್ಸೆಪ್ಟ್' ಅಂತಿದೆಯಾ, ತಪ್ಪಾದ್ರೆ ಏನ್ಮಾಡ್ಬೇಕು ಅನ್ನೋ ಜಾಗ? ಅದರ ಕೆಳಗೆ?"

"'ಪಾಸ್' ಅಂತ ಒಂದೇ ಪದ."

"ಅದೇ. ಕಂಡೂ ಕಾಣದ ಹಾಗೆ ಹೋಗು ಅಂತ. ಅಳಿಸು. ತಪ್ಪನ್ನ ಪೂರ್ತಿ ತೋರಿಸು ಅಂತ ಬರಿ." ಅಕ್ಷರ ಅಕ್ಷರವಾಗಿ ಹೇಳಿದ. "ಸಾಲು ಮುಂಚಿನಷ್ಟೇ ಒಳಗೆ ಸರಿದಿರ್ಲಿ. ಒಂದು ಸ್ಪೇಸ್ ಆಚೀಚೆ ಆದ್ರೂ ಮುನಿಸ್ಕೊಳ್ಳತ್ತೆ."

ಅವಳು ಪ್ಯಾನೆಲ್ ತೆರೆದಳು. ಕೆಂಪು ಸಾಲುಗಳು ದಬದಬ ಇಳಿದವು. ಕೈ ಹಿಂದಕ್ಕೆ ಹೋಗಲಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಓದಿ ಹೇಳಿದಳು. ಬಟನ್‌ಗಳನ್ನು ಬಿಡಿಸುವ ಲೈಬ್ರರಿಯ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಹೆಸರೇ ಹೊಸ ಆವೃತ್ತಿಯಲ್ಲಿ ಬದಲಾಗಿತ್ತು. ಪ್ಯಾನೆಲ್ ಇನ್ನೂ ಹಳೆ ಹೆಸರು ಹಿಡಿದು ಕೂಗುತ್ತಿತ್ತು. ಹೆಸರು ತಿದ್ದಿದಳು. ಇನ್ನೊಂದು ಕೆಂಪು ಸಾಲು ಬಂತು.

"ಇದೇನಪ್ಪಾ ಅಂದ್ರೆ..." ಎಂದು ಅವನು ಶುರುಮಾಡಿದ.

"ಅಣ್ಣ, ನಿಲ್ಲಿ, ಹೇಳ್ಬೇಡಿ." ಮತ್ತೊಮ್ಮೆ ಓದಿದಳು. "ಮೆನು ಬಿಡಿಸೋ ಸಾಮಾನನ್ನ ಬೇರೆ ಕಪಾಟಿಗೆ ಎತ್ತಿಟ್ಟಿದಾರೆ. ನಾವು ಹಳೇ ಕಪಾಟಲ್ಲೇ ಹುಡುಕ್ತಿದೀವಿ."

ಆ ಕಡೆ ಗುಂಡಿಯಣ್ಣ ರೇಡಿಯೋದ ಯಾವುದೋ ತುಂಡನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

ತಿದ್ದಿ ತೆರೆದಳು. ಬಟನ್‌ಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಎಡಗೈಯಿಂದ ಒಂದನ್ನು ಒತ್ತಿದಳು. ಇನ್ನೊಂದನ್ನು ಒತ್ತಿದಳು. ನಟಿಯ ಬೆನ್ನ ಹಿಂದಿನ ತಂತಿ ಮಾಯವಾಯಿತು.

೫

ಇಲ್ಲಿಗೆ ಒಂದು ಮುಕ್ತಾಯ ಬೇಕಲ್ಲ. ಮೂರು ಮಾಡಿಟ್ಟಿದ್ದೇನೆ.

ಗುಂಡಿಯಣ್ಣನಿಗೆ ಆಪರೇಷನ್ ಆಗಿ ಕಣ್ಣು ಬರುವುದು ಒಂದು. (ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಆ ಆಸೆಯನ್ನು ಅವರು ಕಷ್ಟಪಟ್ಟು ಬಿಟ್ಟಿದ್ದಾರಂತೆ. ಹರಿದೆ.) ಸಿನಿಮಾದ ಕೊನೆಗೆ ಅವನ ಹೆಸರು ಪರದೆ ಮೇಲೆ ಬರುವುದು ಇನ್ನೊಂದು. "ಆ ಹೊತ್ತಿಗೆ ಎಲ್ಲ ಚಪ್ಪಲಿ ಹುಡುಕ್ತಿರ್ತಾರೆ," ಎಂದಳು ಅವಳು. ಮೂರನೆಯದರಲ್ಲಿ ಮೇಡಂ ಗದ್ಗದಿತರಾಗುತ್ತಾರೆ. ಆಗಲಿಲ್ಲ. ಬಂದು ಬಟನ್‌ಗಳನ್ನು ನೋಡಿ, "ಸಂಜೆಗೆ ತಾನೇ?" ಎಂದು ಕೇಳಿ, ಕುರ್ಚಿಯ ಬೆನ್ನು ತಟ್ಟಿ ಹೋದರು.

ನಡೆದದ್ದು ಇಷ್ಟು. ಫೋನಿಡುವ ಮೊದಲು ಅವಳೇ ಮಾತೆತ್ತಿದಳು.

"ಅಣ್ಣ, ನೀವು ಅವತ್ತು ಕುರ್ಚಿ ಎಳ್ಕೊಂಡು ಬಂದು ಕೂರದೇ ಇದ್ದಿದ್ರೆ ನಾನಿವತ್ತು ಇಲ್ಲಿ ಇರ್ತಿರಲಿಲ್ಲ. ಇಷ್ಟು ದಿನ ಹೇಳೇ ಇರಲಿಲ್ಲ. ಹೇಳ್ಬೇಕು ಅನ್ನಿಸ್ತು."

ಅವನು ಕೆಮ್ಮಿದ. "ನಿನ್ನ ಪಕ್ಕ ಕೂತಾಗ್ಲೇ ನನ್ನ ಕಣ್ಣು ಸರಿ ಇರಲಿಲ್ಲ ಕಣಮ್ಮ. ಯಾರಿಗೂ ಹೇಳಿರಲಿಲ್ಲ. ಕೊನೇದಾಗಿ ಒಂದು ಒಳ್ಳೇ ಕೆಲಸ ಮಾಡೋಕೆ ಸಿಕ್ತು ನಂಗೆ. ಯಾರು ಯಾರಿಗೆ ಥ್ಯಾಂಕ್ಸ್ ಹೇಳ್ಬೇಕೋ." ಆಮೇಲೆ, "ಅದಿರ್ಲಿ. ಶಾಟ್ ಹೇಗಿದೆ? ಹೇಳು," ಎಂದ.

ಅವಳು ಹೇಳತೊಡಗಿದಳು. ಎಡಗಡೆ ಎತ್ತರದ ಕಲ್ಲಿನ ಗೋಡೆ. ಬಿಸಿಲು ಬಲಗಡೆಯಿಂದ. ನಡುವೆ ಹಗ್ಗದ ಮೇಲೆ ಹಸಿರು ಅಂಗಿಯ ಹೆಂಗಸು, ಕೈ ಎರಡೂ ಚಾಚಿ ನಡೆಯುತ್ತಿದ್ದಾಳೆ.

"ಬಲಗಡೆ ಬಿಸಿಲು, ಎಡಗಡೆ ಗೋಡೆ. ತಂತಿ ತೆಗ್ದೆ ಸರಿ. ಗೋಡೆ ಮೇಲೆ ಅದರ ನೆರಳು?"

ಅವಳು ಪರದೆಗೆ ಮುಖ ಹತ್ತಿರ ತಂದಳು. ಕಲ್ಲಿನ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ, ಮೇಲಿಂದ ಕೆಳಕ್ಕೆ ಇತ್ತು.

"ಇದೆ ಅಣ್ಣ."

"ಇರ್ಲಿ, ಆಮೇಲೆ ತೆಗೀವಂತೆ. ಮೊದಲು ಪೂರ್ತಿ ಹೇಳು. ಆ ಹೆಂಗಸಿಗೆ ಭಯ ಆಗ್ತಿದೆಯಾ?"

ಇಲ್ಲಿ 'ಮುಗಿಯಿತು' ಎಂದು ಬರೆದೆ. ಅಳಿಸಿದೆ. ಹೆಂಗಸು ಇನ್ನೂ ಹಗ್ಗದ ನಡುವೆಯೇ ಇದ್ದಾಳೆ, ಅವನು ಕೇಳುತ್ತಲೇ ಇದ್ದಾನೆ.

"ಮುಂದಿನ ಫ್ರೇಮಿಗೆ ಹೋಗ್ತೀನಿ ಅಣ್ಣ," ಎಂದಳು.

"ಹೋಗು."