ಹೊಟ್ಟೆಗೂ ಕಿವಿಗೂ ನಡುವೆ

ನಾನು ಗೇಣುದ್ದದ ಒಂದು ಮರದ ಕೊಳವೆ. ನನ್ನ ಅಗಲ ಬಾಯಿಯನ್ನು ಬಸುರಿಯ ಹೊಟ್ಟೆಗೆ ಒತ್ತಿ, ಈಚೆ ತುದಿಗೆ ಕಿವಿ ಹಚ್ಚಿದರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ಬೊಂಬೆ ಮಾಡುವ ಮುದುಕನೊಬ್ಬ ನನ್ನನ್ನು ಹಾಲೆಮರದಲ್ಲಿ ಕಡೆದ. ಅದೇ ಕೊರಡಿನ ಇನ್ನರ್ಧ ಬುಗುರಿಯಾಯಿತು. ಅದು ಆಡಲು ಹೋಯಿತು, ನಾನು ಕೇಳಲು ಬಂದೆ.

ಮೊದಲು ನನ್ನನ್ನು ಹಿಡಿದವರು ಲಿಲ್ಲಿಬಾಯಿ ಸಿಸ್ಟರ್. ಊರಾಚೆಯ ಕೇರಿಗೂ ಹೋಗಿ, ಚಾಪೆಯ ಪಕ್ಕ ಮಂಡಿಯೂರಿ ಕೇಳುತ್ತಿದ್ದರು. ತಾವು ಕೇಳಿದ ಮೇಲೆ ಬಸುರಿಯ ಅತ್ತೆಗೂ ಕೇಳಿಸುವುದು ಅವರ ಪದ್ಧತಿ. ಕೇರಿಯ ಹುಲಿಗೆವ್ವ ಸೊಸೆ ದ್ಯಾಮವ್ವನ ಮೊದಲ ಕೂಸಿನ ಬಡಿತವನ್ನು ಹಾಗೆ ಕೇಳಿ, "ಅಯ್ಯ, ಕುದುರಿ ಓಡಿದಂಗ ಐತಲ್ರೀ!" ಅಂದಳು.

"ನಿನ್ನಂಗ ಅದಕ್ಕೂ ಅವಸರ" ಎಂದು ಸಿಸ್ಟರ್ ನಕ್ಕರು.

ಅವರು ನಿವೃತ್ತರಾದ ಮೇಲೆ ನಾನು ಶಕುಂತಲಾ ನರ್ಸಿನ ಚೀಲ ಸೇರಿದೆ. ಶಕುಂತಲಾ ಕೆಟ್ಟವಳಲ್ಲ. ಆದರೆ ಆ ಊರಿನ ಸೊಸೆ. ಕೇರಿಯವರನ್ನು ಮುಟ್ಟಿ ಬಂದರೆ ಸ್ನಾನವಾಗದೆ ಅವಳ ಅತ್ತೆ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಪ್ರತಿ ಗುರುವಾರ ಕೇರಿಯ ಬಸುರಿಯರೇ ಊರಂಚಿನ ಬೇವಿನ ಮರದಡಿಗೆ ಬರಬೇಕಿತ್ತು. ಮಾತ್ರೆಗಳು ಮೇಲಿನಿಂದ ಅವರ ಸೆರಗಿಗೆ ಬೀಳುತ್ತಿದ್ದವು. ನನ್ನನ್ನು ಹಚ್ಚಿ ಕೇಳದೆಯೇ ಶಕುಂತಲಾ ಅವರ ತಾಯಿ ಕಾರ್ಡಿನಲ್ಲಿ 'ಎದೆಬಡಿತ ಸರಿಯಿದೆ' ಎಂದು ಬರೆಯುತ್ತಿದ್ದಳು. ನಾನು ಚೀಲದಲ್ಲೇ ಇರುತ್ತಿದ್ದೆ.

ದ್ಯಾಮವ್ವ ಮತ್ತೆ ಬಸುರಿಯಾದಳು. ಎಂಟು ತುಂಬಿತ್ತು. ಒಂದು ಗುರುವಾರ ಮರದಡಿ ನಿಂತು ಬೇಡಿಕೊಂಡಳು: "ಅಕ್ಕಾರ, ನಿನ್ನೆ ಸಂಜಿಯಿಂದ ಕೂಸು ಮಿಸುಕವಲ್ದ್ರಿ. ಒಂದ್ ಸಲ ಆ ಕೊಳವಿ ಹಚ್ಚಿ ನೋಡ್ರಿ."

"ಮಲಗಿರ್ತದವಾ. ಬೆಲ್ಲದ ನೀರು ಕುಡಿ, ಎದ್ದು ಕುಣಿತದ."

"ನೀವಾ ಹಂಗಂದ್ರ ಆತ್ರಿ" ಎಂದು ಜೊತೆಗೆ ಬಂದಿದ್ದ ಹುಲಿಗೆವ್ವ ಸೊಸೆಯನ್ನು ಕರೆದುಕೊಂಡು ಹೋದಳು. ಆವತ್ತು ಕೇಳಿದ್ದರೆ ತಾಲೂಕಿನ ದೊಡ್ಡಾಸ್ಪತ್ರೆಗೆ ಬಸ್ಸಿತ್ತು. ಆ ಹೊಟ್ಟೆಗೂ ನನಗೂ ನಡುವೆ ಇದ್ದದ್ದು ಒಂದೇ ಮೊಳ.

ಶನಿವಾರ ಹುಲಿಗೆವ್ವ ನರ್ಸಿನ ಅಂಗಳಕ್ಕೇ ಓಡಿಬಂದಳು. ಶಕುಂತಲಾ ಯಾರ ಮುಖವನ್ನೂ ನೋಡದೆ ಅವಳ ಹಿಂದೆ ಕೇರಿಗೆ ನಡೆದಳು. ಚಾಪೆಯ ಪಕ್ಕ ಮಂಡಿಯೂರಿ ನನ್ನನ್ನು ಒತ್ತಿದಳು. ಇಲ್ಲಿ, ಅಲ್ಲಿ, ಮತ್ತೆ ಇಲ್ಲಿ. ಕೇಳಿಸಿದ್ದು ತಾಯಿಯ ನಾಡಿ ಒಂದೇ.

ಹಳೆಯ ರೂಢಿಯಂತೆ ಹುಲಿಗೆವ್ವ ಕೈಚಾಚಿದಳು. "ನನಗೂ ಕೇಳಸ್ರಿ." ಬಹಳ ಹೊತ್ತು ಕಿವಿಯಿಟ್ಟಳು. ಆಮೇಲೆ ತಲೆಯೆತ್ತಿ ಕೇಳಿದಳು: "ಕುದುರಿ ಎಲ್ಲಿ ಹೋತ್ರಿ, ಅಕ್ಕಾರ?"

ಈಗ ನಾನು ಆರೋಗ್ಯ ಕೇಂದ್ರದ ಬೀರುವಿನಲ್ಲಿದ್ದೇನೆ. ನನ್ನ ಬದಲು ಬ್ಯಾಟರಿಯ ಯಂತ್ರ ಬಂದಿದೆ. ಅದನ್ನು ಹಿಡಿದು ಶಕುಂತಲಾ ಪ್ರತಿ ಗುರುವಾರ ಕೇರಿಯೊಳಗೇ ಹೋಗುತ್ತಾಳೆ. ದ್ಯಾಮವ್ವನ ಬಾಗಿಲು ಮಾತ್ರ ಅವಳಿಗೆ ತೆರೆಯುವುದಿಲ್ಲವಂತೆ.

ನನ್ನೊಳಗೆ ಸಾವಿರ ಕೂಸುಗಳ ಬಡಿತ ಹಾದುಹೋಗಿದೆ. ಹಾದದ್ದು ಉಳಿಯಲಿಲ್ಲ. ಆ ಮುದುಕಿ ಕಿವಿಯಿಟ್ಟು ಕಾದ ಹೊತ್ತು ಮಾತ್ರ ಒಳಗೇ ನಿಂತಿದೆ.